ಯುದ್ಧಕ್ಕೆ ಅಡ್ಡ ನಿಂತ ಎರಡು ಅಳತೆಯ ಹಳಿ

ಸೊಲ್ಲಾಪುರದ ಹತ್ತಿರದ ಹೋಟಗಿ ಜಂಕ್ಷನ್ನಿನ ಹಳೆಯ ದಿನ ಕಂಡವರಿಗೆ ಈ ಸಂಗತಿ ಬೇಗ ತಿಳಿದೀತು. ವಿಜಾಪುರ ಕಡೆಯಿಂದ ಬರುತ್ತಿದ್ದ ಮೀಟರ್ ಗೇಜ್ ವ್ಯಾಗನ್ ಮುಂದೆ ಬ್ರಾಡ್ ಗೇಜ್ ಹಳಿಯ ಮೇಲೆ ಓಡುತ್ತಿರಲಿಲ್ಲ. ಒಂದರ ಅಗಲ 1,000 ಮಿಲಿಮೀಟರ್, ಇನ್ನೊಂದರದು 1,676. ಹಾಗಾಗಿ ಎಲ್ಲ ಸಾಮಾನು ಇಳಿಸಬೇಕು, ಮತ್ತೆ ಏರಿಸಬೇಕು. ಜೋಳದ ಚೀಲವಾದರೆ ಒಂದು ದಿನ ತಡವಾದೀತು, ಅಷ್ಟೇ. ಮದ್ದುಗುಂಡಾದರೆ?

ಎರಡನೇ ಮಹಾಯುದ್ಧದಲ್ಲಿ ಅಸ್ಸಾಮಿನಲ್ಲಿ ಆದದ್ದು ಇದೇ. 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿತು. ಅಲ್ಲಿಂದ ಮುಂದೆ ಬರ್ಮಾ ಗಡಿಯ ಸೇನೆಗೂ, ಚೀನಾಕ್ಕೆ ವಿಮಾನದಲ್ಲಿ ಹೋಗುವ ಸರಕಿಗೂ ಅಸ್ಸಾಮಿನ ರೈಲೇ ದೊಡ್ಡ ಆಧಾರ. ಚಹಾ ಪೆಟ್ಟಿಗೆ ಸಾಗಿಸಲು ಹಾಕಿದ್ದ ಬಡಪಾಯಿ ಒಂಟಿ ಹಳಿ ಅದು! ಕಲ್ಕತ್ತೆಯಿಂದ ಬ್ರಾಡ್ ಗೇಜಿನಲ್ಲಿ ಬಂದ ಸರಕನ್ನು ಪಾರ್ವತೀಪುರದಲ್ಲಿ (ಈಗ ಬಾಂಗ್ಲಾದೇಶದಲ್ಲಿದೆ) ಕೂಲಿಗಳು ಮೀಟರ್ ಗೇಜ್ ವ್ಯಾಗನ್‌ಗಳಿಗೆ ತುಂಬುತ್ತಿದ್ದರು. ಅಮೀನ್‌ಗಾಂವ್ ತಲುಪಿದರೆ ಎದುರಿಗೆ ಬ್ರಹ್ಮಪುತ್ರ, ಸೇತುವೆ ಇಲ್ಲ. ವ್ಯಾಗನ್‌ಗಳನ್ನು ದೋಣಿಗೇರಿಸಿ ಆಚೆ ದಡದ ಪಾಂಡುವಿಗೆ ದಾಟಿಸಬೇಕು. ಆಮೇಲೆ ದಿಮಾಪುರ, ತಿನ್ಸುಕಿಯಾ, ಲೇಡೊ.

1944ರ ಮಾರ್ಚ್ 1ರಂದು ಈ ಮಾರ್ಗದ ಸುಮಾರು 1,300 ಕಿ.ಮೀ. ಅಮೆರಿಕದ ಸೇನೆಯ ರೈಲ್ವೆ ತುಕಡಿಗಳ ಕೈಗೆ ಹೋಯಿತು. ಅವರು ಅಮೆರಿಕದ ಇಂಜಿನ್ ತಂದರು, ರೈಲುಗಳನ್ನು ಉದ್ದ ಮಾಡಿದರು, ಅವು ಎದುರುಬದುರಾಗುವ ಕಡೆ ಅಡ್ಡಹಳಿಗಳನ್ನೂ ಬೆಳೆಸಿದರು. ಹೆಸರು ಅವರಿಗೆ ಬಂತು. ಆದರೆ ಹಗಲಿರುಳು ದುಡಿದವರಲ್ಲಿ ಹೆಚ್ಚಿನವರು ನಮ್ಮ ದೇಶದ ರೈಲ್ವೆ ನೌಕರರು, ಕೂಲಿಗಳೇ.

ಅದೇ ತಿಂಗಳು ಜಪಾನೀ ಸೇನೆ ಇಂಫಾಲ, ಕೊಹಿಮಾ ಕಡೆ ನುಗ್ಗಿತು. ಕೊಹಿಮಾದಿಂದ ದಿಮಾಪುರ ಸ್ಟೇಷನ್‌ಗೆ ಎಪ್ಪತ್ತು ಚಿಲ್ಲರೆ ಕಿ.ಮೀ. ಸೇನೆಯ ದೊಡ್ಡ ಉಗ್ರಾಣ ಇದ್ದದ್ದೂ ಅಲ್ಲಿಯೇ. ಅದು ಬಿದ್ದಿದ್ದರೆ ಹಳಿಯೇ ತುಂಡಾಗುತ್ತಿತ್ತು. ನಮ್ಮ ದಕ್ಷಿಣದ ಕಡೆ ಇದ್ದ ಬ್ರಿಟಿಷ್ 2ನೇ ಡಿವಿಜನ್ನನ್ನು ಅವಸರದಲ್ಲಿ ಕರೆಸಿದ್ದು ಇದಕ್ಕಾಗಿಯೇ. ದಿಮಾಪುರ ಉಳಿಯಿತು.

ಇದಕ್ಕೆ ಬೆಲೆ ತೆತ್ತವರು ದೂರದಲ್ಲೂ ಇದ್ದರು. ವಯನಾಡಿನ ಕೆಳಗಿನ ನಿಲಂಬೂರು–ಶೋರನೂರು ಮಾರ್ಗದ ಹಳಿಯನ್ನು ಯುದ್ಧಕ್ಕೆಂದು ಕಿತ್ತೊಯ್ದರು. ಮತ್ತೆ ಹಾಕಿದ್ದು ಸ್ವಾತಂತ್ರ್ಯ ಬಂದ ಮೇಲೆ. 1943ರ ಬಂಗಾಳದ ಕ್ಷಾಮದಲ್ಲಿ ಧಾನ್ಯ ಸಾಗಿಸಲು ವ್ಯಾಗನ್ ಸಾಲದೆ ಹೋದದ್ದಕ್ಕೆ ಸೇನೆಯ ಸರಕಿಗೆ ಕೊಟ್ಟ ಆದ್ಯತೆಯೂ ಒಂದು ಕಾರಣ. ಬ್ರಹ್ಮಪುತ್ರದ ಮೇಲೆ ಸರಾಯಿಘಾಟ್ ಸೇತುವೆಯಲ್ಲಿ ರೈಲು ಓಡಿದ್ದು 1962ರಲ್ಲಿ. ಅಲ್ಲಿಯವರೆಗೂ ಆ ದೋಣಿಯೇ ಗತಿ.