ಐದು ನಕ್ಷತ್ರದ ಹೊಗಳಿಕೆಗೆ ಹೊಣೆ ಯಾರು?

ಅಂಗಡಿಯಲ್ಲಿ ಸೀರೆ ಕೊಳ್ಳುವವರು ಸೆರಗನ್ನು ಬೆರಳುಗಳ ನಡುವೆ ಉಜ್ಜಿ ನೋಡುತ್ತಾರೆ. ತೆಂಗಿನಕಾಯಿ ಕೊಳ್ಳುವವರು ಕಿವಿಯ ಬಳಿ ಅಲ್ಲಾಡಿಸಿ ನೀರಿನ ಸದ್ದು ಕೇಳುತ್ತಾರೆ. ಮುಟ್ಟಿ, ಮೂಸಿ, ಚೌಕಾಸಿ ಮಾಡಿ ಕೊಳ್ಳುವುದು ನಮ್ಮ ಸಂತೆಗಳ ರೂಢಿ. ಆನ್‌ಲೈನ್ ಮಾರುಕಟ್ಟೆ ಈ ಪರೀಕ್ಷೆಗಳನ್ನೆಲ್ಲ ಕಿತ್ತುಕೊಂಡು, ಅವುಗಳ ಬದಲಿಗೆ ಎರಡು ಭರವಸೆಗಳನ್ನು ಕೊಟ್ಟಿದೆ. ಒಂದು, ಹಿಂದೆ ಕೊಂಡವರ ಅಭಿಪ್ರಾಯ. ಇನ್ನೊಂದು, ವಸ್ತು ಮನೆ ತಲುಪುವ ದಿನಾಂಕ. ಈ ಎರಡೂ ಸುಳ್ಳಾದರೆ ಗ್ರಾಹಕನ ಪಾಲಿಗೆ ಉಳಿಯುವುದು ಬಣ್ಣದ ಚಿತ್ರ ಮಾತ್ರ.

ಸುಳ್ಳು ಅಭಿಪ್ರಾಯಗಳು ತಯಾರಾಗುವ ಬಗೆ ಈಗ ಗುಟ್ಟೇನೂ ಅಲ್ಲ. ನಾನು ತರಿಸಿದ್ದ ಟೇಬಲ್ ಲ್ಯಾಂಪ್ ಒಂದರ ಪೆಟ್ಟಿಗೆಯೊಳಗೆ ಪುಟ್ಟ ಚೀಟಿಯಿತ್ತು: ಐದು ನಕ್ಷತ್ರ ಕೊಟ್ಟು ಅದರ ಚಿತ್ರವನ್ನು ವಾಟ್ಸ್‌ಆ್ಯಪ್‌ಗೆ ಕಳುಹಿಸಿದರೆ ನೂರು ರೂಪಾಯಿ ವಾಪಸ್! ದೀಪ ಬೆಳಗುತ್ತದೆಯೋ ಇಲ್ಲವೋ ಎಂದು ನೋಡುವ ಮೊದಲೇ ಹೊಗಳಿಕೆಗೆ ಬೆಲೆ ನಿಗದಿಯಾಗಿತ್ತು. ಮೊಬೈಲ್ ಕವಚಕ್ಕೆ ಬಂದ ಮೆಚ್ಚುಗೆಯನ್ನು ಹಾಗೆಯೇ ಉಳಿಸಿಕೊಂಡು, ಅದೇ ಪುಟದಲ್ಲಿ ಬೇರೊಂದು ಸರಕು ಮಾರುವ ಚಾಳಿಯೂ ಇದೆ. ಇಂತಹ ಸ್ಪರ್ಧೆಯಲ್ಲಿ ಮೊದಲು ಸೋಲುವವನು ಪ್ರಾಮಾಣಿಕ ಸಣ್ಣ ವ್ಯಾಪಾರಿ. ಒಳ್ಳೆಯ ಸರಕು ಕೊಟ್ಟು, ಹತ್ತು ಜನರ ನಿಜವಾದ ಮಾತಿಗಾಗಿ ಕಾಯುವ ಆತ, ಕೊಂಡುತಂದ ಸಾವಿರ ಹೊಗಳಿಕೆಗಳ ಮುಂದೆ ಪರದೆಯಲ್ಲಿ ಎಲ್ಲೋ ಕೆಳಗೆ ಕಾಣೆಯಾಗುತ್ತಾನೆ.

ದಿನಾಂಕದ ಕಥೆಯೂ ಭಿನ್ನವಲ್ಲ. ಸರಕು ಯಾವ ಊರಿನ ಗೋದಾಮಿನಲ್ಲಿದೆ, ಕೊರಿಯರ್‌ನವರು ನಮ್ಮ ತಾಲ್ಲೂಕಿಗೆ ವಾರಕ್ಕೆ ಎಷ್ಟು ಬಾರಿ ಬರುತ್ತಾರೆ ಎಂಬುದರ ಮೇಲೆ ವಸ್ತು ತಲುಪುವ ದಿನ ನಿಂತಿರುತ್ತದೆ. ಆದರೆ ಹಣ ಕಟ್ಟುವವರೆಗೆ ಕಾಣಿಸುವ 'ನಾಳೆ' ಎಂಬ ಪದ, ಕಟ್ಟಿದ ಮೇಲೆ ಮೆಲ್ಲನೆ ಮುಂದಿನ ವಾರಕ್ಕೆ ಜಾರುವುದುಂಟು. ದಿನವಿಡೀ ಮನೆಯಲ್ಲೇ ಇದ್ದವರಿಗೂ 'ಮನೆಯಲ್ಲಿ ಯಾರೂ ಇರಲಿಲ್ಲ' ಎಂಬ ಸಂದೇಶ ಬರುತ್ತದೆ. ಆಗ ನಮ್ಮ ಸಿಟ್ಟೆಲ್ಲ ಬಾಗಿಲಿಗೆ ಬರುವ ಹುಡುಗನ ಮೇಲೆ. ದಿನಾಂಕ ಕೊಟ್ಟವನು ಅವನಲ್ಲ. ಆ ದಿನಾಂಕಕ್ಕಾಗಿ ಮಳೆಯಲ್ಲಿ, ವಾಹನದಟ್ಟಣೆಯಲ್ಲಿ ಬೈಕ್ ಓಡಿಸುವವನು ಮಾತ್ರ ಅವನೇ.

ಹಾಗಾದರೆ ಕಾನೂನು ಇಲ್ಲವೇ? ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2020ರ ಜುಲೈನಲ್ಲಿ ಇ-ವಾಣಿಜ್ಯ ನಿಯಮಗಳು ಜಾರಿಯಾದವು. ಮಾರಾಟಗಾರ ಗ್ರಾಹಕನ ವೇಷ ತೊಟ್ಟು ಅಭಿಪ್ರಾಯ ಬರೆಯುವಂತಿಲ್ಲ. ಹೇಳಿದ ದಿನಕ್ಕಿಂತ ತಡವಾಗಿ ಬಂದ ಸರಕನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ. ಮನುಷ್ಯಪ್ರಯತ್ನ ಮೀರಿದ ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಕಂಪನಿಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ದೃಢಪಡಿಸಿ, ಒಂದು ತಿಂಗಳಲ್ಲಿ ಪರಿಹಾರ ನೀಡಬೇಕು.

ಕೊರತೆ ಇರುವುದು ಬೇರೆಡೆ. ಮಾರಾಟಗಾರ ತಾನೇ ಬರೆಯದೆ, ನೂರು ರೂಪಾಯಿ ಕೊಟ್ಟು ನಿಜವಾದ ಗ್ರಾಹಕನಿಂದಲೇ ಬರೆಸಿದರೆ? ಅದಕ್ಕೆ ಉತ್ತರವಾಗಿ ಭಾರತೀಯ ಮಾನಕ ಬ್ಯೂರೊ 2022ರ ನವೆಂಬರ್‌ನಲ್ಲಿ ಐಎಸ್ 19000 ಎಂಬ ಮಾನದಂಡ ತಂದಿತು. ಬರೆದವರ ಗುರುತು ಪರಿಶೀಲಿಸುವ, ಅಭಿಪ್ರಾಯಗಳನ್ನು ಸೋಸಿ ಪ್ರಕಟಿಸುವ ಕ್ರಮವನ್ನು ಅದು ಹೇಳುತ್ತದೆ. ಆದರೆ ಅದನ್ನು ತಂದಾಗ ಪಾಲನೆಯನ್ನು ಕಂಪನಿಗಳ ಇಚ್ಛೆಗೇ ಬಿಡಲಾಯಿತು. ಬೇಲಿ ಹಾಕುವ ಕೆಲಸವನ್ನು ಮೇಯುವವರಿಗೇ ಒಪ್ಪಿಸಿದಂತಲ್ಲವೇ ಇದು? ಅಮೆರಿಕದಲ್ಲಿ 2024ರ ಅಕ್ಟೋಬರ್‌ನಿಂದ ಸುಳ್ಳು ಅಭಿಪ್ರಾಯಗಳನ್ನು ಕೊಳ್ಳುವುದೂ ಮಾರುವುದೂ ದಂಡಕ್ಕೆ ಗುರಿ. ಬ್ರಿಟನ್ 2025ರ ಏಪ್ರಿಲ್‌ನಿಂದ, ಅವುಗಳನ್ನು ತಡೆಯುವ ಹೊಣೆಯನ್ನು ಪ್ರಕಟಿಸುವ ತಾಣಗಳ ಮೇಲೆಯೇ ಹೊರಿಸಿದೆ.

ನಮ್ಮಲ್ಲೂ ಹೊಣೆ ಹೊರಬೇಕಾದದ್ದು ತಾಣವೇ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಗಡಿ ಅದರದು, ತಕ್ಕಡಿ ಅದರದು, ಪ್ರತಿ ಮಾರಾಟದಲ್ಲೂ ಕಮಿಷನ್ ಅದರದು. ನಾವು ಏನನ್ನು ಹುಡುಕಿದೆವು ಎಂಬುದನ್ನು ನೆನಪಿಟ್ಟು ಬೆನ್ನು ಹತ್ತುವ ಯಂತ್ರಕ್ಕೆ, ಒಂದೇ ರಾತ್ರಿಯಲ್ಲಿ ಬಂದು ಬಿದ್ದ ಇನ್ನೂರು ಹೊಗಳಿಕೆಗಳು ಕಾಣುವುದಿಲ್ಲವೆಂದರೆ ನಂಬುವುದು ಹೇಗೆ? ಮಾನದಂಡ ಕಡ್ಡಾಯವಾಗಲಿ, ಹಣ ಕಟ್ಟುವಾಗ ತೋರಿಸಿದ ದಿನಾಂಕ ರಸೀದಿಯ ಮೇಲೂ ಅಚ್ಚಾಗಲಿ.

ಅಲ್ಲಿಯವರೆಗೆ ಗ್ರಾಹಕರ ಕೈಯಲ್ಲಿರುವುದನ್ನು ಬಿಡಬಾರದು. ಐದು ನಕ್ಷತ್ರಕ್ಕಿಂತ ಮೂರು ನಕ್ಷತ್ರದವರ ಮಾತನ್ನು ಮೊದಲು ಓದಿ. ಗುಣದೋಷ ಎರಡೂ ಸಿಗುವುದು ಅಲ್ಲಿ. ಮೋಸವಾದರೆ 1915ಕ್ಕೆ ಕರೆ ಮಾಡಿ. ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ನೀಡಿದೆ. ಮುನ್ನೂರು ರೂಪಾಯಿಗಾಗಿ ಯಾರು ಅಲೆಯುತ್ತಾರೆ ಎಂಬ ನಮ್ಮ ಉದಾಸೀನವೇ ಈ ವ್ಯಾಪಾರದ ನಿಜವಾದ ಬಂಡವಾಳ.