ಸೆರಗು ನಿಲ್ಲಿಸಿದ ಅಂಟು

ಕಳೆದ ರಾಜ್ಯೋತ್ಸವಕ್ಕೆ ವೇದಿಕೆ ಮೇಲೆ ಆರಡಿ ಎತ್ತರದ ಭುವನೇಶ್ವರಿ ನಿಲ್ಲಿಸಬೇಕು ಅಂತ ನಾವು ಸಂಘದವರು ಹೊರಟೆವು. ತಂತಿ, ಹಳೇ ಪೇಪರ್ ಸೇರಿಸಿ ಮೈಕಟ್ಟು ಆಯ್ತು. ಸೀರೆ ಮಾತ್ರ ನಿಜವಾದ ಬಟ್ಟೆಯದ್ದೇ ಇರಲಿ, ಸೆರಗು ಗಾಳಿಗೆ ಹಾರುತ್ತಿರುವ ಹಾಗೇ ಗಟ್ಟಿಯಾಗಿ ನಿಲ್ಲಲಿ ಅನ್ನೋದು ಆಸೆ. ಫೆವಿಕಾಲ್‌ಗೆ ಮೂರು ಪಟ್ಟು ನೀರು ಬೆರೆಸಿ, ಬಟ್ಟೆ ಅದ್ದಿ, ಹೊದಿಸಿ ಹಾಸ್ಟೆಲಿಗೆ ಹೋದೆವು. ಯಲಹಂಕದಲ್ಲಿ ಅವತ್ತು ರಾತ್ರಿಯಿಡೀ ಮಳೆ. ಬೆಳಿಗ್ಗೆ ನೋಡಿದರೆ ಸೆರಗು ಒದ್ದೆ ಟವೆಲ್ ಥರ ಜೋತುಬಿದ್ದಿತ್ತು. ಕಾರ್ಯಕ್ರಮಕ್ಕೆ ಉಳಿದಿದ್ದು ಎರಡೇ ದಿನ. ಎಲ್ಲಿ ತಪ್ಪಿತು ಅಂತ ಹುಡುಕಿದಾಗ ತಿಳಿದದ್ದು ಇಷ್ಟು.

ಬಟ್ಟೆ ಯಾಕೆ ಜೋತುಬೀಳುತ್ತೆ? ನೂಲಿನಲ್ಲಿ ಎಳೆತ ತಡೆಯುವ ಶಕ್ತಿ ಇದೆ. ಆದರೆ ಬಗ್ಗಿಸಿದಾಗ ಎಳೆಗಳು ಒಂದರ ಮೇಲೊಂದು ಜಾರುತ್ತವೆ. ಈ ಜಾರಾಟವನ್ನು ನಿಲ್ಲಿಸುವುದೇ ಫ್ಯಾಬ್ರಿಕ್ ಹಾರ್ಡ್‌ನರ್ ಕೆಲಸ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ನೆನಪಿಸಿಕೊಳ್ಳಿ: ಎರಡು ಪದರ ಬಟ್ಟೆಯನ್ನು ಸುಮ್ಮನೆ ಒಂದರ ಮೇಲೊಂದು ಇಟ್ಟರೆ ಬಾಗುವಿಕೆಯನ್ನು ತಡೆಯುವ ಶಕ್ತಿ 2 ಪಟ್ಟು. ಅದನ್ನೇ ಒಂದಾಗಿ ಅಂಟಿಸಿದರೆ 8 ಪಟ್ಟು, ಯಾಕೆಂದರೆ ಅದು ದಪ್ಪದ ಘನಕ್ಕೆ ಅನುಗುಣ. ನೆರಿಗೆ ಇದ್ದರೆ ಇನ್ನೂ ಹೆಚ್ಚು, ತಗಡಿನ ಶೀಟಿಗೆ ಅಲೆ ಕೊಡುವುದು ಇದಕ್ಕೇ.

ಇದೇನು ಹೊಸ ವಿದ್ಯೆ ಅಲ್ಲ. ಅಜ್ಜ ಪಂಚೆಗೆ ಹಾಕಿಸುತ್ತಿದ್ದ ಗಂಜಿಯೂ ಹಾರ್ಡ್‌ನರ್ರೇ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಇದನ್ನು ಶಿಲ್ಪಕ್ಕೇ ತಂದಿದ್ದಾರೆ. ಹಗುರ ಮರದ ಗೊಂಬೆಗೆ ಅವರು ಬಳಸುವುದು 'ಕಿಟ್ಟ': ಸೆಣಬಿನ ಚಿಂದಿಯನ್ನು ನೆನೆಸಿ, ನಿಧಾನ ಒಣಗಿಸಿ, ಪುಡಿ ಮಾಡಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿದ್ದು. ಆಮೇಲೆ ಮೈತುಂಬ ಹತ್ತಿಯ ಚೂರುಗಳನ್ನು ಅದೇ ಅಂಟಿನಿಂದ ಮೆತ್ತಿ, ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ, ಕೊನೆಗೆ ಬಣ್ಣ. ಹುಣಸೆ ಬೀಜದ ಅಂಟಿನಲ್ಲಿರುವ ಕ್ಸೈಲೋಗ್ಲೂಕನ್ ಸರಪಳಿಯ ಬೆನ್ನೆಲುಬು ಹತ್ತಿಯ ಸೆಲ್ಯುಲೋಸ್‌ನಂತೆಯೇ ಇದೆ. ಹಾಗಾಗಿ ಎರಡೂ ಚೆನ್ನಾಗಿ ಹಿಡಿದುಕೊಳ್ಳುತ್ತವೆ.

ನಾರು ಎಳೆತ ಹೊರುತ್ತೆ, ಅಂಟು ಆಕಾರ ಹಿಡಿಯುತ್ತೆ. ಇದಕ್ಕೆ ನಾವು ಕ್ಲಾಸಿನಲ್ಲಿ ಕಾಂಪೋಸಿಟ್ ಅಂತೀವಿ. 1996ರಿಂದ ನಮ್ಮ ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುತ್ತಿದೆ. ಅಲ್ಲಿ ತಲೆ ಮೇಲೆ ಹಾರುವ ತೇಜಸ್‌ನ ಹೊರಮೈ ಬಹುಪಾಲು ಕಾರ್ಬನ್ ನಾರು ಮತ್ತು ರೆಸಿನ್. ಎನ್‌ಎಎಲ್‌ನ ಹಂಸ ವಿಮಾನದ ಮೈಯೂ ಕಾಂಪೋಸಿಟ್ಟೇ. ಕಿನ್ನಾಳದ ಗೊಂಬೆಗೂ ತೇಜಸ್‌ಗೂ ತತ್ವ ಒಂದೇ, ಸಾಮಗ್ರಿ ಬೇರೆ.

ಈಗ ನಮ್ಮ ತಪ್ಪು. ಫೆವಿಕಾಲ್ ಅಂದರೆ ನೀರಿನಲ್ಲಿ ತೇಲುವ ಪಾಲಿವಿನೈಲ್ ಅಸಿಟೇಟ್ ಕಣಗಳು. ನೀರು ಆರಿದ ಮೇಲಷ್ಟೇ ಅವು ಒಂದಾಗಿ ಪದರವಾಗುತ್ತವೆ. ನಾವು ನೀರು ಜಾಸ್ತಿ ಹಾಕಿದ್ದೆವು, ಮಳೆಯ ತೇವಕ್ಕೆ ಅದು ಆರಲಿಲ್ಲ, ಒದ್ದೆ ಬಟ್ಟೆಯ ಭಾರಕ್ಕೆ ಆಸರೆಯನ್ನೂ ಕೊಟ್ಟಿರಲಿಲ್ಲ.

ಎರಡನೇ ಸಲ ಹೀಗೆ ಮಾಡಿದೆವು. ಎರಡು ಪಾಲು ಅಂಟಿಗೆ ಒಂದೇ ಪಾಲು ನೀರು. ಪಾಲಿಯೆಸ್ಟರ್ ಬಿಟ್ಟು ಹತ್ತಿ ಬಟ್ಟೆ, ಯಾಕೆಂದರೆ ಅದು ಅಂಟನ್ನು ಹೀರುತ್ತೆ. ಅದ್ದಿ, ಹಿಂಡಿ, ಹೊದಿಸಿ, ಸೆರಗಿನ ಕೆಳಗೆ ಪಾಲಿಥೀನ್ ಸುತ್ತಿದ ಪೇಪರ್ ಉಂಡೆಗಳ ಆಸರೆ, ತುದಿಗೆ ಬಟ್ಟೆ ಕ್ಲಿಪ್. ಎರಡು ಫ್ಯಾನ್ ಹಚ್ಚಿ ಒಂದಿಡೀ ದಿನ ಮುಟ್ಟಲಿಲ್ಲ. ಆರಿದ ಮೇಲೆ ಇನ್ನೊಂದು ಕೋಟ್, ಅದೂ ಆರಿದ ಮೇಲೆ ಅಕ್ರಿಲಿಕ್ ಬಣ್ಣ.

ನೀವೂ ಮಾಡುವುದಾದರೆ ಮೂರು ಮಾತು. ಈ ಅಂಟು ನೀರಿಗೆ ಮತ್ತೆ ಮೆತ್ತಗಾಗುತ್ತೆ, ಹೊರಗಿಡುವ ಕಲಾಕೃತಿಗೆ ವಾರ್ನಿಶ್ ಬೇಕೇ ಬೇಕು. ಪಾಲಿಯೆಸ್ಟರ್ ರೆಸಿನ್ ಬಳಸಿದರೆ ಗ್ಲೌಸ್ ಹಾಕಿ, ಬಯಲಲ್ಲಿ ಕೆಲಸ ಮಾಡಿ. ಅದರ ಸ್ಟೈರೀನ್ ಆವಿ ಒಳ್ಳೆಯದಲ್ಲ. ಉಳಿದ ಅಂಟನ್ನು ಚರಂಡಿಗೆ ಸುರಿಯಬೇಡಿ, ಒಣಗಿಸಿ ಕಸಕ್ಕೆ ಹಾಕಿ. ಅದೂ ಪ್ಲಾಸ್ಟಿಕ್ಕೇ.

ನವೆಂಬರ್ 1ರ ಬೆಳಿಗ್ಗೆ ಮತ್ತೆ ತುಂತುರು ಮಳೆ. ಸೆರಗು ಅಲ್ಲಾಡಲಿಲ್ಲ. ಮುಂದಿನ ಸಲ ಹುಣಸೆ ಬೀಜ ಅರೆದೇ ನೋಡೋಣ ಅಂತಿದ್ದೇವೆ. ಮೆಸ್ಸಿನ ಅಡುಗೆ ಭಟ್ಟರು ಬೀಜ ಎತ್ತಿಡಲು ಒಪ್ಪಿದ್ದಾರೆ. ಅರೆಯೋಕೆ ಕೈ ಜೋಡಿಸುವವರು ಬನ್ನಿ.