ಕಾಲು ಹೆದರಿದರೂ ಚಕ್ರ ಹೆದರದು!

ತಿರುವಿಗೆ ಜೋರಾಗಿ ನುಗ್ಗಿದ್ದೀರಿ. ನೋಡಿದರೆ ಅದು ಅಂದುಕೊಂಡದ್ದಕ್ಕಿಂತ ಬಿಗಿ! ಎದೆ ಧಸಕ್ಕೆನ್ನುತ್ತದೆ, ಕಾಲು ತಾನಾಗಿಯೇ ಆಕ್ಸಿಲರೇಟರ್ ಬಿಡುತ್ತದೆ. ಆ ಕ್ಷಣದಲ್ಲಿ ಹಿಂದಿನ ಚಕ್ರ ಏನು ಮಾಡಬೇಕು? ಪರ್ಫಾರ್ಮೆನ್ಸ್ ಕಾರಿಗೆ ಹಿಂಬದಿ ಸಸ್ಪೆನ್ಷನ್ ಆರಿಸುವುದೆಂದರೆ ಈ ಪ್ರಶ್ನೆಗೆ ಉತ್ತರ ಆರಿಸುವುದೇ!

ಕಾಲೆತ್ತಿದ ಕೂಡಲೇ ಭಾರ ಮುಂದಕ್ಕೆ ವಾಲಿ, ಹಿಂದಿನ ಟೈರುಗಳ ಹಿಡಿತ ಸಡಿಲವಾಗುತ್ತದೆ. ಅತ್ತ ಎಂಜಿನ್ ಬ್ರೇಕಿಂಗ್ ಚಕ್ರವನ್ನು ಹಿಂದಕ್ಕೆ ಜಗ್ಗುತ್ತದೆ. ಚಕ್ರವನ್ನು ಮುಂದಿನಿಂದ ಓರೆಯಾಗಿ ಹಿಡಿದಿರುವ ಸಾಮಾನ್ಯ ಸೆಮಿ-ಟ್ರೇಲಿಂಗ್ ಆರ್ಮ್ ಇದ್ದರೆ, ಅದರ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳು ಆ ಜಗ್ಗಾಟಕ್ಕೆ ಬಳುಕಿ, ಚಕ್ರದ ಮೂತಿ ತುಸು ಹೊರಕ್ಕೆ ತಿರುಗುತ್ತದೆ. ಇದೇ ಟೋ-ಔಟ್. ಭಾರವೆಲ್ಲ ಹೊತ್ತ ಹೊರಬದಿಯ ಚಕ್ರವೇ ತಿರುವಿನಾಚೆ ಮುಖ ಮಾಡಿದರೆ ಮುಗಿಯಿತು, ಕಾರಿನ ಹಿಂಭಾಗ ಗಿರ್ರನೆ ಸುತ್ತಲು ಹೊರಡುತ್ತದೆ. ಹಿಂದಿನ ಆಕ್ಸೆಲ್‌ಗಿಂತಲೂ ಹಿಂದೆ ಎಂಜಿನ್ ಹೊತ್ತಿದ್ದ ಹಳೆಯ ಪೋರ್ಷೆ 911 ಈ ಗುಣಕ್ಕೆ ಕುಖ್ಯಾತ.

ಅದೇ ಪೋರ್ಷೆ 1977ರಲ್ಲಿ 928 ಕಾರನ್ನು ಹೊರತಂದಿತು. ಮುಂದೆ 4.5 ಲೀಟರ್‌ನ ವಿ8 ಎಂಜಿನ್, ಹಿಂದೆ ಗೇರ್‌ಬಾಕ್ಸ್. ಆದರೆ ನಿಜವಾದ ಚಮತ್ಕಾರ ಕಾರಿನಡಿ ಅಡಗಿತ್ತು! ಜರ್ಮನಿಯ ವೈಸಾಕ್‌ನಲ್ಲಿರುವ ತನ್ನ ಸಂಶೋಧನಾ ಕೇಂದ್ರದ ಹೆಸರನ್ನೇ ಪೋರ್ಷೆ ಅದಕ್ಕೆ ಇಟ್ಟಿತು: ವೈಸಾಕ್ ಆಕ್ಸೆಲ್. ಕೆಳಗಿನ ಆರ್ಮ್‌ನ ಮುಂತುದಿಯನ್ನು ನೇರವಾಗಿ ಬಿಗಿಯದೆ, ಓರೆಯಾಗಿ ನಿಂತ ಪುಟ್ಟ ಕೊಂಡಿಯೊಂದಕ್ಕೆ ಜೋಡಿಸಿದರು. ಚಕ್ರವನ್ನು ಹಿಂದಕ್ಕೆ ಜಗ್ಗಿದಾಗ ಆ ಕೊಂಡಿ ಓಲಾಡುತ್ತದೆ; ಅದು ಓಲಾಡಿದರೆ ಚಕ್ರದ ಮೂತಿ ಹೊರಕ್ಕಲ್ಲ, ಒಳಕ್ಕೆ ತಿರುಗುತ್ತದೆ! ಮುಳ್ಳನ್ನು ಮುಳ್ಳಿನಿಂದಲೇ ತೆಗೆದಂತೆ, ಕಾರನ್ನು ಕೆಡವುತ್ತಿದ್ದ ಬಲವೇ ಈಗ ಅದನ್ನು ಕಾಯುತ್ತದೆ. ಸೆನ್ಸರ್ ಇಲ್ಲ, ಮೋಟಾರ್ ಇಲ್ಲ, ಕಂಪ್ಯೂಟರ್ ಅಂತೂ ಇಲ್ಲವೇ ಇಲ್ಲ! 928ಕ್ಕೆ 1978ರ ಯುರೋಪಿನ ವರ್ಷದ ಕಾರು ಪ್ರಶಸ್ತಿ ಬಂತು.

ವಿಸ್ಮಯ ಅಲ್ಲಿಗೇ ನಿಲ್ಲಲಿಲ್ಲ. 1982ರಲ್ಲಿ ಮರ್ಸಿಡಿಸ್ 190 ಐದು ಲಿಂಕ್‌ಗಳ ಹಿಂಬದಿ ಸಸ್ಪೆನ್ಷನ್ ತಂದಿತು. ಐದೇ ಏಕೆ? ಯಾವ ಹಂಗೂ ಇಲ್ಲದ ವಸ್ತುವಿಗೆ ಆರು ಬಗೆಯ ಚಲನೆ ಸಾಧ್ಯ: ಮೂರು ದಿಕ್ಕಿಗೆ ಸರಿಯುವುದು, ಮೂರು ಅಕ್ಷದ ಸುತ್ತ ತಿರುಗುವುದು. ಒಂದೊಂದು ಲಿಂಕ್ ಒಂದೊಂದನ್ನು ಕಟ್ಟಿಹಾಕುತ್ತದೆ. ಐದು ಹೋದರೆ ಉಳಿಯುವುದು ಒಂದೇ, ಮೇಲೆ-ಕೆಳಗೆ ಆಡುವುದು. ಎಂಥ ಲೆಕ್ಕಾಚಾರ! ಪ್ರತಿ ಲಿಂಕಿನ ಉದ್ದ, ಓರೆ, ಬುಷ್‌ನ ಮೆದುತನವನ್ನು ಬೇರೆಬೇರೆಯಾಗಿ ಹೊಂದಿಸಿದರೆ ಚಕ್ರ ಹೇಳಿದಂತೆ ಕೇಳುತ್ತದೆ. 1993ರಲ್ಲಿ ಬಂದ 993 ತಲೆಮಾರಿನ 911 ಕೂಡ ಸೆಮಿ-ಟ್ರೇಲಿಂಗ್ ಆರ್ಮ್ ಬಿಟ್ಟು ಮಲ್ಟಿ-ಲಿಂಕ್‌ಗೆ ಬಂತು. 2013ರ 911 ಜಿಟಿ3ಯಲ್ಲಂತೂ ಮೋಟಾರ್‌ಗಳೇ ಹಿಂದಿನ ಚಕ್ರವನ್ನು 1.5 ಡಿಗ್ರಿಯವರೆಗೆ ತಿರುಗಿಸತೊಡಗಿದವು!

ಹಾಗಾದರೆ ಆರಿಸುವವರು ಏನು ನೋಡಬೇಕು? ನೇರ ಪಟ್ಟಿಯಲ್ಲಿ ಚಿಮ್ಮುವ ಡ್ರ್ಯಾಗ್ ಕಾರಿಗೆ ಎರಡೂ ಚಕ್ರಗಳನ್ನು ಒಟ್ಟಿಗೆ ಬಿಗಿದ ಗಟ್ಟಿಮುಟ್ಟಾದ ಲೈವ್ ಆಕ್ಸೆಲ್ ಸಾಕು. ತಿರುವುಗಳೇ ಪ್ರಾಣವಾದ ಕಾರಿಗೆ ಮಾತ್ರ ಸ್ಪ್ರಿಂಗ್ ಎಷ್ಟು ಗಡುಸು ಎಂದು ಕೇಳುವ ಮೊದಲು, ಕಾಲೆತ್ತಿದಾಗ ಟೋ ಎತ್ತ ಹೋಗುತ್ತದೆ ಎಂದು ಕೇಳಿ. ರಬ್ಬರ್ ಬುಷ್ ಕಿತ್ತು ಎಲ್ಲ ಕಡೆಯೂ ಗಟ್ಟಿ ಬುಷ್ ಹಾಕಿಸುವ ಆಸೆ ಬಂದರೆ ತಡೆಯಿರಿ: ಯಾವ ಬುಷ್ ಎಷ್ಟು ಬಳುಕಬೇಕೆಂದು ಯಾರೋ ತಲೆ ಕೆಡಿಸಿಕೊಂಡು ಲೆಕ್ಕ ಹಾಕಿದ್ದಾರೆ. ಆ ಬಳುಕು ದೋಷವಲ್ಲ, ಅದೇ ಅಲ್ಲಿನ ಸ್ಟೀರಿಂಗ್!